ಜಂಬಮ್ಮ ತಂದ ತಿರುಪು

ಜಂಬಮ್ಮ ಸೆರಗಿನ ಗಂಟು ಬಿಚ್ಚಿ, ಒಂದು ತಿರುಪನ್ನು ಮಸ್ಕಿಯ ಕಮ್ಮಾರ ಮುದುಕಪ್ಪನ ಕುಲುಮೆಯ ಕೆಂಡಕ್ಕೆ ಎಸೆದಳು.

"ಕರಗಿಸಿಬಿಡಪ್ಪ ಇದನ್ನ. ಬದುವಿನ ಜಗಳಕ್ಕ ನನ್ನ ದೊಡ್ಡ ಮಗ ಹಂಪಣ್ಣ ತಮ್ಮಗ ಗುಂಡು ಹೊಡೀತೀನಿ ಅಂತ ಕುಂತಾನ. ಆ ರಜಾಕಾರರ ಕಾಲದ ಬಂದೂಕಿನಿಂದ ನಾನೇ ಬಿಚ್ಚಿ ತಂದೀನಿ. ಇದಿಲ್ಲಂದ್ರ ನಳಿಗಿ ಕಟ್ಟಿಗ್ಯಾಗ ನಿಲ್ಲಂಗಿಲ್ಲ."

ಮುದುಕಪ್ಪನ ಕೈ ತಿದಿಯ ಮೇಲೇ ನಿಂತಿತು. ಮುಂಜಾನೆ ಹಂಪಣ್ಣ ಬಂದಿದ್ದ. ತಿರುಪು ಎಲ್ಲೋ ಬಿದ್ದೈತಿ, ಹೊಲಕ್ಕ ಹಂದಿ ಕಾಟ ಅಂದಿದ್ದ. ಹಟ್ಟಿ ಗಣಿಯ ಹಳೇ ಬೋಲ್ಟೊಂದನ್ನು ಅರದಿಂದ ಉಜ್ಜಿ ಉಜ್ಜಿ, ಅಳತೆ ಕೂದಲೆಳೆಯಷ್ಟೂ ತಪ್ಪದಂತೆ ಹೊಸದು ಮಾಡಿ, ಬಂದೂಕಿಗೆ ಬಿಗಿದುಕೊಟ್ಟಿದ್ದು ಇದೇ ಕೈ.

"ತಿದಿ ಒತ್ತಪ್ಪ ಲಗೂನ," ಎಂದು ಜಂಬಮ್ಮ ಎಷ್ಟೋ ದಿನದ ಮೇಲೆ ನಕ್ಕಳು. "ಇಬ್ರೂ ಹೊಲದಾಗ ಅದಾರ. ಬುತ್ತಿ ಒಯ್ಬೇಕು ನಾ."