ಮಡಿ ಮೇಡಂ

ಹಳೆಯ ಸರ್ವರ್‌ನ ವಿಳಾಸ ಟೈಪ್ ಮಾಡಿ ಕೋಡಿನಲ್ಲೆಲ್ಲ ಹುಡುಕಿದರೆ ಸಿಕ್ಕಿದ್ದು ಸೊನ್ನೆ. ನೆರವಿಗೆ ಬಂದಿದ್ದ ಪಕ್ಕದ ತಂಡದ ಲೀಡ್ ಮತ್ತೆ ಹುಡುಕಿದ. ಮತ್ತೆ ಸೊನ್ನೆ. ರಕ್ತನಿಧಿಯ ವೆಬ್‌ಸೈಟ್ ನಿಂತು ಇಪ್ಪತ್ತು ನಿಮಿಷವಾಗಿತ್ತು. ಯಾವ ಗುಂಪಿನ ರಕ್ತ ಎಲ್ಲಿದೆಯೆಂದು ಆಸ್ಪತ್ರೆಗಳಿಂದ ಫೋನಿನ ಮೇಲೆ ಫೋನು. ಡೇಟಾಬೇಸ್ ಸರ್ವರ್ ಕೈಕೊಟ್ಟಿತ್ತು. ಬದಲಿ ಸರ್ವರ್ ಈಗಷ್ಟೇ ಸಿದ್ಧವಾಗಿತ್ತು, ಅದರ ವಿಳಾಸ ಮಾತ್ರ ಬೇರೆ. ನಾಲ್ಕು ವರ್ಷದ ಕೋಡ್, ಅವಸರಕ್ಕೆ ಎಲ್ಲಾದರೂ ಹಳೆಯ ವಿಳಾಸವನ್ನು ನೇರ ಬರೆದಿಟ್ಟೇ ಇರುತ್ತಾರೆ, ಹುಡುಕಿ ತಿದ್ದೋಣ ಎಂದು ಅವನು ಕೂತಿದ್ದ.

ಆಸ್ಪತ್ರೆಯೊಂದರ ಫೋನ್ ಇಟ್ಟು ಮಡಿ ಮೇಡಂ ಎದ್ದು ಬಂದರು. ಕೋಡ್ ಅವರದು, ಆ ಅಡ್ಡಹೆಸರು ಅವನು ಇಟ್ಟಿದ್ದು. ಹಿಂದೊಮ್ಮೆ ಅವರ ಕೈಕೆಳಗಿದ್ದಾಗ, ವಿಳಾಸ, ಪಾಸ್‌ವರ್ಡ್ ಯಾವುದೂ ಕೋಡನ್ನು ಮುಟ್ಟಬಾರದೆಂದು ಅವನ ಕೆಲಸವನ್ನು ಹನ್ನೊಂದು ಸಲ ವಾಪಸ್ ಕಳಿಸಿದ್ದರು.

"ಒಳಗೆ ಏನು ಹುಡುಕ್ತೀರಿ? ಅದೆಲ್ಲ ಕೋಡಿನ ಹೊರಗಡೆ, ಸೆಟ್ಟಿಂಗ್ಸ್‌ನಲ್ಲಿ, ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತ ಇದೆ," ಅಂದರು. ವೆಬ್‌ಸೈಟ್ ಓಡುವ ಸರ್ವರ್‌ನ ಸೆಟ್ಟಿಂಗ್ಸ್ ತೆರೆದು, ಒಂದೇ ಒಂದು ಸಾಲಿನಲ್ಲಿ ವಿಳಾಸ ಬದಲಾಯಿಸಿ, ಅಪ್ಲಿಕೇಶನ್ ಮತ್ತೆ ಶುರು ಮಾಡಿದರು. ಕೋಡಿನ ಒಂದಕ್ಷರವೂ ಅಲುಗಲಿಲ್ಲ. ರಕ್ತದ ಪಟ್ಟಿ ಪರದೆಯ ಮೇಲೆ ಬಂತು. ಫೋನುಗಳು ಒಂದೊಂದಾಗಿ ಸುಮ್ಮನಾದವು.

ಅವನು ತನ್ನ ತಂಡದ ಪ್ರಾಜೆಕ್ಟ್ ತೆರೆದು, ಅದರ ಸರ್ವರ್ ವಿಳಾಸವನ್ನೂ ಹಾಗೆಯೇ ಹುಡುಕಿದ. ಇನ್ನೂರ ಹದಿನಾರು ಕಡೆ ಇತ್ತು. ಪರದೆಯನ್ನು ಅವರ ಕಡೆ ತಿರುಗಿಸಿದ.

"ಮೇಡಂ, ಇದಕ್ಕೂ ಸ್ವಲ್ಪ ಮಡಿ ಕಲಿಸಿ."

ಅವರು ಕನ್ನಡಕ ಏರಿಸಿ ನೋಡಿದರು.

"ಮೊದಲು ಸ್ನಾನ ಆಗ್ಲಿ," ಎಂದು ಕುರ್ಚಿ ಎಳೆದುಕೊಂಡರು.