ಅದೇ ನೀಲಿ ಅಂಗಿ

"ಮಂಗಳೂರಿಂದ ಮಸ್ಕತ್ತಿಗೆ ನಾನು ಎಂಟುನೂರು ಸಲ ಹೋಗಿ ಬಂದವ," ಎಂದ ಡೊಂಬಯ್ಯ, ವಿಮಾನ ನಿಲ್ದಾಣದ ಚಹಾದಂಗಡಿಯಲ್ಲಿ.

ಅಂಗಡಿಯ ಲಿಲ್ಲಿಬಾಯಿ ನಕ್ಕರು. "ಒಮ್ಮೆ ಹೋಗಿ ಬರ್ಲಿಕ್ಕೆ ವಿಮಾನದ ಒಳಗಿದ್ದವರಿಗೆ ಒಂದು ಗಂಟೆ, ಹೊರಗಿದ್ದ ನಮಗೆ ಇಪ್ಪತ್ತು ವರ್ಷ. ಎಂಟುನೂರು ಸಲಕ್ಕೆ ಹದಿನಾರು ಸಾವಿರ ವರ್ಷ ಆಯ್ತು. ಹಾಗಾದ್ರೆ ನಿಮಗೆ ರಾವಣನ ಗುರುತು ಉಂಟಾ ಮಾರಾಯ್ರೆ?"

"ಉಂಟು. ಕಿಟಕಿ ಸೀಟಿಗೆ ಜಗಳ ಮಾಡಿದ್ದ."

ಕಳುಹಿಸಿದ ದಿನದ ಅಂಗಿಯನ್ನೇ ತೊಟ್ಟು ಎದುರುಗೊಳ್ಳುವುದು ಅಲ್ಲಿಯ ಪದ್ಧತಿ. ಇಳಿದವರಿಗೆ ಗುರುತು ಸಿಗಬೇಕಲ್ಲ. ಡೊಂಬಯ್ಯನ ಮಾಸಿದ ನೀಲಿ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಕೂದಲಿನ ಕಪ್ಪು ಬಣ್ಣ ಬೆವರಿನೊಡನೆ ಕಾಲರಿಗೆ ಇಳಿದಿತ್ತು.

ಲಿಲ್ಲಿಬಾಯಿ ಅದನ್ನೇ ನೋಡಿದರು. "ಯಾರು ಬರೋದು?"

"ಹೆಂಡತಿ." ಅವನು ಲೋಟ ಕೆಳಗಿಟ್ಟ. "ಟಿಕೆಟು ಇಬ್ಬರಿಗೂ ಇತ್ತು. ಮುಂದಿನ ವಿಮಾನಕ್ಕೆ ಬರ್ತೇನೆ ಅಂತ ಅವಳನ್ನು ಹತ್ತಿಸಿದೆ. ಅಲ್ಲಿ ನನ್ನನ್ನು ಕಾಣದೆ ತಿರುಗಿ ಬರ್ತಾ ಇದ್ದಾಳೆ, ಇನ್ನೂ ಇಪ್ಪತ್ತಾರು ವರ್ಷದವಳು. ನನಗೆ ವಿಮಾನ ಅಂದ್ರೆ ಹೆದರಿಕೆ, ಲಿಲ್ಲಿಬಾಯಿ. ನಾನು ಒಮ್ಮೆಯೂ ಹತ್ತಿದವನಲ್ಲ."