ಹಿಂದಿನ ಸಾಲಿನ ಧ್ವನಿ

"ಅದು ಈ ಹೆಡ್‌ಫೋನ್‌ಗೆ ಹಾಕೋ ಹಾಡಲ್ಲಮ್ಮ," ಎಂದ ಮಗ, ಮೂರನೆಯ ಸಲ.

ತಾಯಿ ಮಡಚುತ್ತಿದ್ದ ಹೊದಿಕೆಯನ್ನು ಕುರ್ಚಿಯ ಮೇಲೆ ಎಸೆದಳು. ಒಂದು ತಿಂಗಳಿಂದ ಇದೇ ಗೋಳು. ಆ ದುಬಾರಿ ಹೆಡ್‌ಫೋನ್ ಮನೆಗೆ ಬಂದಾಗಿನಿಂದ ಮಗ ಹಾಡು ಕೇಳುವುದನ್ನೇ ಬಿಟ್ಟಿದ್ದ. ಹಾಡುಗಳ ತಪಾಸಣೆ ಮಾಡುತ್ತಿದ್ದ. ಇದರಲ್ಲಿ ತಬಲಾ ಗೋಡೆಯ ಹಿಂದಿದೆ, ಅದರಲ್ಲಿ ಕೊಳಲಿಗೆ ಉಸಿರೇ ಇಲ್ಲ, ಎಂದು ಒಂದೊಂದಕ್ಕೂ ಕೊಕ್ಕೆ. ಕೊನೆಗೆ ಪಾಸಾದದ್ದು ಹನ್ನೊಂದು. ಅವಾದರೂ ಇಷ್ಟವೇನೋ ಎಂದರೆ, "ಇಷ್ಟದ ಪ್ರಶ್ನೆ ಅಲ್ಲಮ್ಮ, ರೆಕಾರ್ಡಿಂಗ್ ಚೆನ್ನಾಗಿದೆ," ಎನ್ನುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಹೆಗ್ಗಣದ ಕಿವಿಯ ಕಾಟಕ್ಕೆ ಹೆತ್ತವಳೇ ರೋಸಿಹೋಗಿದ್ದಳು.

ಆದರೆ ಇವತ್ತು ಅವಳಿಗೆ ಆ ಕಿವಿಯೇ ಬೇಕಿತ್ತು. ಮೂವತ್ತೆಂಟು ವರ್ಷದ ಹಿಂದೆ ಒಂದು ದೋಣಿ ಹಾಡಿನ ಕೋರಸ್‌ಗೆ ಎಂಟು ಹುಡುಗಿಯರು ನಿಂತಿದ್ದರು, ಹಿಂದಿನ ಸಾಲಿನಲ್ಲಿ ಅವಳು. ಹಾಡಬೇಕಾದದ್ದು ಎರಡೇ ಸಾಲು. ಮುಗಿದ ಮೇಲೆ ಸಂಗೀತ ನಿರ್ದೇಶಕರು, "ಒಂದು ಧ್ವನಿ ಗುಂಪು ಬಿಟ್ಟು ಮುಂದೆ ಓಡ್ತಿದೆ" ಎಂದು ರೇಗಿ, ಅವಳತ್ತ ಬೆರಳು ಮಾಡಿ, ನಾಳೆಯಿಂದ ಬರಬೇಡ ಎಂದುಬಿಟ್ಟರು. ಮತ್ತೆ ಹಾಡಿಸಲು ಹೊತ್ತಿರಲಿಲ್ಲ, ಹಾಡು ಹಾಗೆಯೇ ಹೊರಬಿತ್ತು. ಅಂದಿನಿಂದ ಎಲ್ಲರೂ ಸೇರಿ ಹಾಡುವ ಕಡೆ ಅವಳು ಬರೀ ತುಟಿ ಆಡಿಸಿದಳು. ಈ ಮಗನ ತೊಟ್ಟಿಲನ್ನೂ ಬಾಯಿ ಮುಚ್ಚಿಕೊಂಡೇ ತೂಗಿದಳು. ಅವಳು ಕೋರಸ್‌ನಲ್ಲಿದ್ದದ್ದು ಮಗನಿಗೆ ಗೊತ್ತು. ಆ ಬೆರಳಿನ ವಿಷಯ ಗೊತ್ತಿಲ್ಲ. ಆ ಧ್ವನಿ ನಿಜವಾಗಿ ತನ್ನದೇ ಹೌದೋ ಅಲ್ಲವೋ, ಅದೊಂದು ಅವಳಿಗೆ ತಿಳಿಯಬೇಕಿತ್ತು.

"ಈಗ ಹಾಕ್ತೀಯೋ ಇಲ್ವೋ?"

"ಹಳೇ ಟೇಪಿಂದ ಇಳಿಸಿದ್ದಮ್ಮ ಅದು. ಒಳ್ಳೆ ಹೆಡ್‌ಫೋನ್‌ನಲ್ಲಿ ಇರೋಬರೋ ಹುಳುಕೆಲ್ಲ ಹೊರಗೆ ಬರುತ್ತೆ."

"ನನಗೆ ಬೇಕಾಗಿರೋದೂ ಅದೇ. ಹಾಕು."

ಮಗ ಹಾಡು ಹಾಕಿ ಮೊದಲು ತಾನೇ ಕಿವಿಗೇರಿಸಿಕೊಂಡ. ಬೇವು ಅಗಿದವನ ಹಾಗೆ ಮುಖ ಮಾಡಿದ. "ಯಾರೋ ಕಾಗದ ತಿರುಗಿಸಿದ್ರು... ಯಾರದೋ ಕೆಮ್ಮು... ಕುರ್ಚಿ ಕಿರ್ ಅಂತು..."

"ಕುರ್ಚಿ ಮನೆ ಹಾಳಾಗ್ಲಿ, ಕೋರಸ್ ಕೇಳೋ!"

"ತಾಳಮ್ಮ... ಹ್ಞಾಂ. ಒಬ್ಬರ ಧ್ವನಿ ಮಾತ್ರ ಬೇರೆ ನಿಂತಿದೆ. ಮಿಕ್ಕವರಿಗಿಂತ ಮುಂಚೇನೇ ಓಡ್ತಿದಾರೆ." ಅವನ ಮುಖ ಅರಳಿತು. "ಸಿಕ್ಕಿಬಿಟ್ಟೆ! ನೀನೇ ಇರ್ಬೇಕು!"

ತಾಯಿ ಕೈ ಚಾಚಿದಳು. ಹೆಡ್‌ಫೋನ್ ಕಿತ್ತುಕೊಂಡು ತಾನೇ ಹಾಕಿಕೊಂಡಳು. ಎಂಟು ಹುಡುಗಿಯರೂ ಪಕ್ಕಕ್ಕೇ ಬಂದು ನಿಂತಂತಾಯಿತು. ಆಮೇಲೆ ಆ ಧ್ವನಿ ಬಂತು, ಮೂಗಿನಲ್ಲಿ ಎಳೆಯುತ್ತ, ಎಲ್ಲರನ್ನೂ ಹಿಂದೆ ಹಾಕುತ್ತ. ಅವಳು ಮೊದಲ ಸಲಕ್ಕೆ ನಂಬಲಿಲ್ಲ. ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು.

"ಇದು ನಾನಲ್ಲ ಕಣೋ!" ಕಿವಿ ಮುಚ್ಚಿದ್ದರಿಂದ ಮಾತು ಬೀದಿಗೆ ಕೇಳುವಷ್ಟು ಜೋರಾಗಿತ್ತು. "ಇವಳು ಆ ಡೈರೆಕ್ಟರ್ ನಾದಿನಿ! ಮೈಕಿನ ಮುಂದೇನೇ ನಿಂತಿದ್ಲು. ಆ ಮನುಷ್ಯನ ಬೆರಳು ಇವಳ ತಲೆ ದಾಟಿ ನನ್ನ ಹತ್ರ ಬಂತು. ಬರಬೇಡ ಅಂತ ನನ್ನನ್ನ ಕಳಿಸಿಬಿಟ್ಟ!"

ಮಗ ಪೆಚ್ಚಾದ. ಹೆಡ್‌ಫೋನಿನ ಒಂದು ಬದಿಯನ್ನು ಅವಳ ಕಿವಿಯಿಂದ ಸರಿಸಿ, "ಹಾಗಾದ್ರೆ ನೀನೆಲ್ಲಿ? ನೀನು ಕೇಳಿಸ್ತಾನೇ ಇಲ್ವಲ್ಲ," ಎಂದ.

"ಕೇಳಿಸ್ಬಾರ್ದು ಕಣೋ ಪೆದ್ದ! ಕೋರಸ್‌ನಲ್ಲಿ ಒಬ್ಬಳೇ ಕೇಳಿಸಿದ್ರೆ ಅದು ತಪ್ಪು. ನಾನು ಸರಿಯಾಗೇ ಹಾಡಿದ್ದೆ."

ಸಂತೋಷಪಡಬೇಕೆಂದು ಅವಳಿಗೂ ಅನಿಸಿತು. ಆದರೆ ಬಂದದ್ದು ಸಿಟ್ಟು, ಅದೂ ಮೂವತ್ತೆಂಟು ವರ್ಷದ್ದು. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಯಾವತ್ತೂ ಅದನ್ನು ಹೂವಿನಂತೆ ಎತ್ತಿಡುವ ಮಗ ಇವತ್ತು ಅದರ ಕಡೆ ನೋಡಲೂ ಇಲ್ಲ.

"ಆ ನಾದಿನಿ ಈಗ ಏನ್ಮಾಡ್ತಿದಾರೋ," ಎಂದ ಮೆಲ್ಲಗೆ.

"ಹಾಡ್ತಾ ಇರ್ತಾಳೆ," ಎಂದಳು ತಾಯಿ. "ಅವಳಿಗೆ ಯಾರು ಸುಮ್ನಿರು ಅಂದಿದ್ರು?"